ನಡೆದದ್ದರ ಮೇಲೆ ನಿಂತ ನಂಬಿಕೆ

ಭಾನುವಾರದ ಆರಾಧನೆಯಲ್ಲಿ ಸಭೆಯೆಲ್ಲ ಎದ್ದು ನಿಂತು ಒಕ್ಕೊರಲಿನಿಂದ ಹೇಳುವ ಅಪೊಸ್ತಲರ ವಿಶ್ವಾಸ ಪ್ರಮಾಣದಲ್ಲಿ ಒಬ್ಬ ರೋಮನ್ ಅಧಿಕಾರಿಯ ಹೆಸರು ಬರುತ್ತದೆ. ಅವನು ಪೊಂತ್ಯ ಪಿಲಾತ. ಸಂತನಲ್ಲ, ಪ್ರವಾದಿಯೂ ಅಲ್ಲ, ಹೆಚ್ಚುಕಡಿಮೆ ಕ್ರಿ.ಶ. 26ರಿಂದ 36ರವರೆಗೆ ಯೂದಾಯವನ್ನು ಆಳಿದ, ಜನರ ಪ್ರೀತಿ ಗಳಿಸದ ಒಬ್ಬ ಅಧಿಪತಿ. ಆದರೂ ಅವನ ಹೆಸರು ಅಲ್ಲಿ ಉಳಿದುಕೊಂಡಿದೆ, ಏಕೆಂದರೆ ಅದು ತಾರೀಖಿನ ಕೆಲಸ ಮಾಡುತ್ತದೆ. 1961ರಲ್ಲಿ ಕಡಲ ದಂಡೆಯ ಕೈಸರಿಯದಲ್ಲಿ ಹಳೆಯ ರೋಮನ್ ರಂಗಮಂದಿರವನ್ನು ಅಗೆಯುತ್ತಿದ್ದ ಇಟಲಿಯ ಪುರಾತತ್ವಜ್ಞರಿಗೆ ಒಂದು ಸುಣ್ಣಕಲ್ಲಿನ ಚಪ್ಪಡಿ ಸಿಕ್ಕಿತು. ಹಿಂದೆ ಯಾರೋ ಅದನ್ನು ಕಿತ್ತು ತಂದು ಮೆಟ್ಟಿಲಿಗೆ ಹಾಕಿದ್ದರು. ಅಕ್ಷರಗಳು ಅರ್ಧಕ್ಕರ್ಧ ಒಡೆದು ಹೋಗಿದ್ದರೂ ತಿಬೇರಿಯಸ್ ಚಕ್ರವರ್ತಿಯ ಹೆಸರಿನ ಕಟ್ಟಡ, ಪಿಲಾತನ ಹೆಸರು, ಯೂದಾಯದ ಅಧಿಪತಿ ಎಂಬ ಅವನ ಪದವಿ, ಇಷ್ಟನ್ನು ಓದಲು ಬರುತ್ತದೆ. ಆ ಕಲ್ಲು ಯೇಸುವಿನ ಬಗ್ಗೆ ಏನನ್ನೂ ಸಾಬೀತು ಮಾಡುವುದಿಲ್ಲ. ಆದರೆ ಕ್ರೈಸ್ತ ನಂಬಿಕೆ ಯಾವ ಬಗೆಯದು ಎಂಬುದನ್ನು ತೋರಿಸಿಕೊಡುತ್ತದೆ: ಗುದ್ದಲಿ ತಾಗಬಹುದಾದ ನೆಲದಲ್ಲಿ, ಗೊತ್ತಿರುವ ಒಬ್ಬ ಅಧಿಕಾರಿಯ ಕಾಲದಲ್ಲಿ, ಒಂದು ಸಂಗತಿ ನಡೆಯಿತು ಎಂದು ಅದು ಹೇಳುತ್ತದೆ. ನಡೆದಿದ್ದರೆ ಅದು ನಿಲ್ಲುತ್ತದೆ, ನಡೆಯದಿದ್ದರೆ ಬೀಳುತ್ತದೆ. ನಾನು ನಂಬುವುದೆಲ್ಲ ಆ ಒಂದು ಸಂಗತಿಯಿಂದಲೇ ಹೊರಡುತ್ತದೆ.

ನಮ್ಮ ದೇಶದಲ್ಲಿ ಇದನ್ನು ಹೇಳಿದರೆ ಮೊದಲು ಎದುರಾಗುವ ಆಕ್ಷೇಪ ನಾಸ್ತಿಕರದ್ದಲ್ಲ, ಗಾಂಧೀಜಿಯದು. 1931ರ ಕ್ರಿಸ್ಮಸ್ ದಿನ, ದುಂಡುಮೇಜಿನ ಪರಿಷತ್ತು ಮುಗಿಸಿ ಹಡಗಿನಲ್ಲಿ ಮರಳುತ್ತಿದ್ದಾಗ, ಅವರು ತಮಗೆ ಚರಿತ್ರೆಯ ಯೇಸುವಿನಲ್ಲಿ ಆಸಕ್ತಿಯಿಲ್ಲ ಎಂಬ ಅರ್ಥದ ಮಾತು ಹೇಳಿದರು. ಯೇಸು ಎಂಬ ಮನುಷ್ಯ ಬದುಕಿಯೇ ಇರಲಿಲ್ಲವೆಂದು ರುಜುವಾತಾದರೂ ಪರ್ವತ ಪ್ರಸಂಗ ತಮ್ಮ ಪಾಲಿಗೆ ಸತ್ಯವಾಗಿಯೇ ಉಳಿಯುತ್ತದೆ ಎಂಬುದು ಅವರ ನಿಲುವು. ಭಾರತೀಯ ಮನಸ್ಸಿಗೆ ಇದು ತೀರಾ ಸಹಜ. ಉಪನಿಷತ್ತಿನ ಋಷಿ ಯಾರು, ಯಾವ ಶತಮಾನದವನು ಎಂದು ಕೇಳದೆಯೇ ಅದರ ಅರಿವನ್ನು ಒಪ್ಪಬಹುದು; ಬುದ್ಧನ ಕಾಲವನ್ನು ವಿದ್ವಾಂಸರು ನೂರು ವರ್ಷ ಈಚೆಗೆ ತಂದರೆ ಅಷ್ಟಾಂಗ ಮಾರ್ಗಕ್ಕೇನೂ ಕುಂದಿಲ್ಲ. ಗಾಂಧೀಜಿಯ ಮೇಲೆ ಅಪಾರ ಗೌರವವಿಟ್ಟುಕೊಂಡೇ ನಾನು ಇಲ್ಲಿ ಅವರಿಂದ ಬೇರೆಯಾಗುತ್ತೇನೆ. ಪರ್ವತ ಪ್ರಸಂಗ ಮಾತ್ರ ಉಳಿದು ಅದನ್ನು ಹೇಳಿದವನು ಇಲ್ಲವಾದರೆ, ಅದಕ್ಕಿಂತ ಭಾರವಾದ ಬೋಧನೆ ಮತ್ತೊಂದಿಲ್ಲ. ಕೋಪವನ್ನೇ ಕೊಲೆಯ ಸಾಲಿಗೆ ಸೇರಿಸುವ, ಕಣ್ಣಿನ ಆಸೆಯನ್ನೇ ವ್ಯಭಿಚಾರವೆಂದು ಎಣಿಸುವ, ವೈರಿಯನ್ನು ಪ್ರೀತಿಸು ಎನ್ನುವ ಆ ಮಾತುಗಳ ಮುಂದೆ ನೆಟ್ಟಗೆ ನಿಲ್ಲಬಲ್ಲವರು ಯಾರು? ಅದು ನನ್ನ ಅಳತೆ ಎಷ್ಟೆಂದು ತೋರಿಸುತ್ತದೆ, ನನ್ನನ್ನು ಬದಲಾಯಿಸುವುದಿಲ್ಲ. ಸೋತವನಿಗೆ ಇನ್ನೂ ಎತ್ತರದ ಆದರ್ಶ ಸಿಕ್ಕರೆ ಸಾಲದು. ಅವನ ಪರವಾಗಿ ಏನಾದರೂ ನಡೆದಿರಬೇಕು.

ಹಾಗಾದರೆ ನಡೆದದ್ದಕ್ಕೆ ಸಾಕ್ಷಿ ಏನು? ಪಿಲಾತನ ಕಾಲದಲ್ಲಿ ಯೇಸುವನ್ನು ಶಿಲುಬೆಗೇರಿಸಿದ್ದರ ಬಗ್ಗೆ ಇಂದು ಗಂಭೀರ ಚರಿತ್ರೆಕಾರರಲ್ಲಿ ತಕರಾರಿಲ್ಲ; ಕ್ರೈಸ್ತರನ್ನು ಕಂಡರಾಗದ ರೋಮನ್ ಇತಿಹಾಸಕಾರ ಟಾಸಿಟಸ್ ಎರಡನೆಯ ಶತಮಾನದ ಆರಂಭದಲ್ಲೇ ಅದನ್ನು ಬರೆದಿಟ್ಟಿದ್ದಾನೆ. ಜಗಳವಿರುವುದು ಮೂರನೆಯ ದಿನ ಅವನು ಸತ್ತವರೊಳಗಿಂದ ಎದ್ದನೆಂಬುದರ ಬಗ್ಗೆ. ಇಲ್ಲಿ ನಮಗಿರುವ ಅತ್ಯಂತ ಹಳೆಯ ಬರಹ ಸುವಾರ್ತೆಗಳಲ್ಲ, ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರ. ಡೆಲ್ಫಿಯಲ್ಲಿ ಸಿಕ್ಕ ಶಾಸನದಿಂದ ಗಲ್ಲಿಯೋ ಎಂಬ ರಾಜ್ಯಪಾಲ ಸುಮಾರು 51-52ರಲ್ಲಿ ಕೊರಿಂಥವಿದ್ದ ಪ್ರಾಂತ್ಯವನ್ನು ಆಳುತ್ತಿದ್ದನೆಂದು ತಿಳಿಯುತ್ತದೆ. ಪೌಲ ಕೊರಿಂಥದಲ್ಲಿ ಅವನ ಎದುರು ನಿಂತಿದ್ದರಿಂದ, ಆ ಪತ್ರ 50ರ ದಶಕದ ನಡುವಿನದು ಎಂದು ಲೆಕ್ಕ ಕೂಡಿಬರುತ್ತದೆ. ಅದರ ಹದಿನೈದನೆಯ ಅಧ್ಯಾಯದಲ್ಲಿ ಅವನು ಹೊಸದೇನನ್ನೂ ಹೇಳುತ್ತಿಲ್ಲ, ತಾನು ಬೇರೆಯವರಿಂದ ಪಡೆದು ಇವರಿಗೆ ಒಪ್ಪಿಸಿದ್ದನ್ನು ನೆನಪಿಸುತ್ತಿದ್ದಾನೆ: ಕ್ರಿಸ್ತನು ಸತ್ತದ್ದು, ಹೂಣಿಸಲ್ಪಟ್ಟದ್ದು, ಎದ್ದದ್ದು, ಪೇತ್ರನಿಗೆ, ಹನ್ನೆರಡು ಮಂದಿಗೆ, ಐನೂರಕ್ಕೂ ಹೆಚ್ಚು ಜನರಿಗೆ, ಯಾಕೋಬನಿಗೆ ಕಾಣಿಸಿಕೊಂಡದ್ದು. ಐನೂರರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎಂದೂ ಸೇರಿಸುತ್ತಾನೆ. ಹೋಗಿ ವಿಚಾರಿಸಿಕೊಳ್ಳಿ ಎಂದಂತೆಯೇ ಅದು. ಪೌಲ ಇದಕ್ಕೂ ಹಿಂದೆ, ತನ್ನ ಮನಪರಿವರ್ತನೆಯಾದ ಮೂರು ವರ್ಷದ ಮೇಲೆ, ಯೆರೂಸಲೇಮಿಗೆ ಹೋಗಿ ಪೇತ್ರನ ಜೊತೆ ಹದಿನೈದು ದಿನ ಇದ್ದವನು. ಯೇಸುವಿನ ತಮ್ಮ ಯಾಕೋಬನನ್ನೂ ಆಗ ಕಂಡವನು. ಪುನರುತ್ಥಾನವನ್ನು ಒಪ್ಪದ ಜರ್ಮನ್ ವಿದ್ವಾಂಸ ಗೆರ್ಡ್ ಲ್ಯೂಡೆಮಾನ್ ಕೂಡ ಈ ಸಾಕ್ಷಿಪಟ್ಟಿಯ ಮೂಲವನ್ನು ಶಿಲುಬೆಯ ನಂತರದ ಮೊದಲ ಕೆಲವೇ ವರ್ಷಗಳಿಗೆ ಒಯ್ಯುತ್ತಾರೆ. ಅಂದರೆ ಇದು ತಲೆಮಾರುಗಳು ಕಳೆದು, ಬಾಯಿಂದ ಬಾಯಿಗೆ ಹೋಗುತ್ತಾ ಬೆಳೆದ ಐತಿಹ್ಯವಲ್ಲ. ಸರಿಯೋ ತಪ್ಪೋ, ಆ ಜನ ಮೊದಲಿನಿಂದಲೇ ಹೇಳಿದ್ದು ಇದನ್ನೇ.

ಆ ಜನ ಇದನ್ನು ಕಲ್ಪಿಸಿಕೊಳ್ಳಲು ಕಾರಣವೂ ಇರಲಿಲ್ಲ ಎಂಬುದು ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ಅಂದಿನ ಯೆಹೂದ್ಯರಲ್ಲಿ ಅನೇಕರು ಪುನರುತ್ಥಾನವನ್ನು ನಂಬುತ್ತಿದ್ದರು, ನಿಜ. ಆದರೆ ಅದು ಲೋಕಾಂತ್ಯದಲ್ಲಿ ಎಲ್ಲರಿಗೂ ಒಟ್ಟಿಗೆ ಆಗಬೇಕಾದದ್ದು. ಚರಿತ್ರೆಯ ನಡುವೆ ಒಬ್ಬನೇ ಎದ್ದು ಬರುವುದು ಅವರ ಎಣಿಕೆಯಲ್ಲೇ ಇರಲಿಲ್ಲ. ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತನೆಂದು ಅವರ ಧರ್ಮಶಾಸ್ತ್ರವೇ ಹೇಳುತ್ತಿತ್ತು. ರೋಮಿನ ಕೈಯಲ್ಲಿ ಸತ್ತ ಮೆಸ್ಸೀಯನೆಂದರೆ ಸುಳ್ಳು ಮೆಸ್ಸೀಯ, ಅಷ್ಟೇ. ಯೆಹೂದ್ಯ ನಾಯಕ ಬಾರ್ ಕೊಖ್ಬಾ ರೋಮಿನ ವಿರುದ್ಧ ದೊಡ್ಡ ದಂಗೆಯನ್ನೇ ಎಬ್ಬಿಸಿದ. ದೊಡ್ಡ ರಬ್ಬಿಯೊಬ್ಬರು ಅವನನ್ನೇ ಮೆಸ್ಸೀಯನೆಂದು ನಂಬಿದ್ದರೆಂದು ಯೆಹೂದ್ಯ ಪರಂಪರೆ ಹೇಳುತ್ತದೆ. 135ರಲ್ಲಿ ಅವನು ಸತ್ತ, ಅಲ್ಲಿಗೆ ಅವನ ಮೇಲಿನ ಆಸೆಯೂ ಮುಗಿಯಿತು. ಅವನು ಎದ್ದುಬಂದ ಎಂದು ಯಾರೂ ಹೇಳಲಿಲ್ಲ. ಯೇಸುವಿನ ಶಿಷ್ಯರೂ ಹಾಗೆಯೇ ಚದುರಿಹೋಗಬೇಕಿತ್ತು. ಬದಲಿಗೆ ಅವನನ್ನು ಕೊಂದ ಊರಿನಲ್ಲೇ ನಿಂತು ಅವನು ಬದುಕಿದ್ದಾನೆಂದು ಸಾರಿದರು. ಅವನು ಬದುಕಿದ್ದಾಗ ಅವನನ್ನು ನಂಬದ ಸ್ವಂತ ತಮ್ಮ ಯಾಕೋಬ ಯೆರೂಸಲೇಮಿನ ಸಭೆಯ ಹಿರಿಯನಾದ. 62ರ ಸುಮಾರಿಗೆ ಅವನನ್ನು ಕಲ್ಲೆಸೆದು ಕೊಂದದ್ದನ್ನು ಯೆಹೂದ್ಯ ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ. ಇನ್ನು ನಾಲ್ಕೂ ಸುವಾರ್ತೆಗಳಲ್ಲಿ ಖಾಲಿ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು. ಹೆಂಗಸರ ಸಾಕ್ಷಿಯನ್ನು ಒಪ್ಪಬಾರದೆಂದು ಅದೇ ಜೋಸೆಫಸ್ ಬರೆಯುತ್ತಾನೆ. ಎರಡನೆಯ ಶತಮಾನದ ವಿಮರ್ಶಕ ಕೆಲ್ಸಸ್ ಇದನ್ನೇ ಹಿಡಿದು ಗೇಲಿ ಮಾಡಿದ. ಕತೆ ಕಟ್ಟುವವರು ಮಗ್ದಲದ ಮರಿಯಳನ್ನು ಮುಂದೆ ನಿಲ್ಲಿಸುತ್ತಿರಲಿಲ್ಲ. ಅವಳು ಅಲ್ಲಿದ್ದಳು, ಅದಕ್ಕೇ ಅವಳ ಹೆಸರಿದೆ.

ಆಕ್ಷೇಪಗಳು ಹಗುರವಾದವಲ್ಲ. ಪೇತ್ರ ತಪ್ಪಿತಸ್ಥ ಭಾವದಿಂದ ದರ್ಶನ ಕಂಡ, ಅದು ಇತರರಿಗೂ ಹರಡಿತು ಎಂದು ಲ್ಯೂಡೆಮಾನ್ ವಾದಿಸಿದರು. ದುಃಖದಲ್ಲಿ ಸತ್ತವರು ಕಾಣಿಸಿಕೊಳ್ಳುವುದು ಅಪರೂಪವೇನಲ್ಲ. ಆದರೆ ಹಾಗೆ ಕಂಡವರು ಸತ್ತವನ ಆತ್ಮವನ್ನು ಕಂಡೆವೆನ್ನುತ್ತಾರೆಯೇ ಹೊರತು ಸಮಾಧಿ ಖಾಲಿಯಾಗಿದೆ ಎನ್ನುವುದಿಲ್ಲ; ಮೇಲಾಗಿ, ಯೇಸುವನ್ನು ತಾನೂ ಕಂಡೆನೆಂದ ಪೌಲನಿಗೆ ಮೊದಲು ಅವನ ಸಾವಿನ ದುಃಖವಿರಲಿಲ್ಲ, ದ್ವೇಷವಿತ್ತು. ಶಿಲುಬೆಗೇರಿದವರ ಹೆಣವನ್ನು ನಾಯಿನರಿಗಳಿಗೆ ಬಿಡುತ್ತಿದ್ದರು, ಸಮಾಧಿಯೇ ಇದ್ದಿರಲಾರದು ಎಂಬುದು ಇನ್ನೊಂದು ವಾದ. 1968ರಲ್ಲಿ ಯೆರೂಸಲೇಮಿನ ಉತ್ತರಕ್ಕೆ ಒಂದು ಗುಹಾಸಮಾಧಿಯಲ್ಲಿ ಕಲ್ಲಿನ ಮೂಳೆಪೆಟ್ಟಿಗೆ ಸಿಕ್ಕಿತು, ಮೇಲೆ ಯೆಹೋಹಾನಾನ್ ಎಂಬ ಹೆಸರು. ಒಳಗೆ ಅವನ ಹಿಮ್ಮಡಿಯ ಮೂಳೆ, ಅದನ್ನು ತೂರಿಹೋದ ಸುಮಾರು ಹನ್ನೊಂದೂವರೆ ಸೆಂಟಿಮೀಟರಿನ ಕಬ್ಬಿಣದ ಮೊಳೆ. ಮೊಳೆಯ ತುದಿ ಬಗ್ಗಿಹೋದ್ದರಿಂದ ಅದನ್ನು ಕೀಳಲಾಗದೆ ಮೂಳೆಯ ಜೊತೆಗೇ ಬಿಟ್ಟಿದ್ದರು. ಶಿಲುಬೆಗೇರಿದ ಒಬ್ಬನನ್ನಾದರೂ ಮನೆಯವರು ಮರ್ಯಾದೆಯಿಂದ ಹೂಣಿಟ್ಟಿದ್ದರು ಎನ್ನಲು ಅದು ಸಾಕು. ಸುವಾರ್ತೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಎಷ್ಟು ಹೆಂಗಸರು ಹೋದರು, ಎಷ್ಟು ದೇವದೂತರು ಕಂಡರು ಎಂಬಲ್ಲಿ ವ್ಯತ್ಯಾಸಗಳಿವೆ; ಮಾರ್ಕನ ಅತ್ಯಂತ ಹಳೆಯ ಪೂರ್ಣ ಹಸ್ತಪ್ರತಿಗಳು ಹೆಂಗಸರು ಹೆದರಿ ಓಡಿದಲ್ಲಿಗೇ ನಿಂತುಬಿಡುತ್ತವೆ. ಅವನ್ನು ತೇಪೆ ಹಾಕಿ ಒಂದಾಗಿಸುವುದು ನನಗೆ ಬೇಡ. ಕೂಡಿ ಮಾತಾಡಿಕೊಂಡು ಹೇಳಿದ ಸಾಕ್ಷಿಯಲ್ಲಿ ಇಂಥ ಬಿರುಕುಗಳಿರುವುದಿಲ್ಲ. ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ 1748ರಲ್ಲಿ ತತ್ವಜ್ಞಾನಿ ಡೇವಿಡ್ ಹ್ಯೂಮ್ ಎತ್ತಿದ್ದು: ಮನುಷ್ಯಕುಲದ ಒಟ್ಟು ಅನುಭವದ ಎದುರು ಪವಾಡದ ಪರವಾದ ಯಾವ ಸಾಕ್ಷಿಯೂ ತೂಗಲಾರದು. ಆದರೆ ಸತ್ತವರು ತಾವಾಗಿ ಏಳುವುದಿಲ್ಲ ಎಂಬುದು ಸುಗಂಧದ್ರವ್ಯ ಹಿಡಿದು ಸಮಾಧಿಗೆ ಹೋದ ಆ ಹೆಂಗಸರಿಗೂ ಗೊತ್ತಿತ್ತು. ಹೇಳುತ್ತಿರುವುದು ದೇವರು ಎಬ್ಬಿಸಿದ ಎಂದು. ದೇವರೇ ಇಲ್ಲವೆಂದು ಮೊದಲೇ ತೀರ್ಮಾನಿಸಿಕೊಂಡರೆ ಮಾತ್ರ ಹ್ಯೂಮನ ತಕ್ಕಡಿ ವಾಲುತ್ತದೆ. ಇಷ್ಟೆಲ್ಲ ಹೇಳಿದ ಮೇಲೂ ಇದು ಗಣಿತದ ಸಾಧನೆಯಲ್ಲ. ಸಾಕ್ಷಿ ನನ್ನನ್ನು ಬಾಗಿಲವರೆಗೆ ತಂದು ನಿಲ್ಲಿಸುತ್ತದೆ. ಒಳಗೆ ಕಾಲಿಡುವುದು ವಿಶ್ವಾಸ.

ಅವನು ಎದ್ದದ್ದು ನಿಜವಾದರೆ, ಅವನು ಯಾರು ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ತ್ರಯೈಕ್ಯ ದೇವರ ನಂಬಿಕೆ ಹುಟ್ಟಿದ್ದು ಈ ಒತ್ತಡದಿಂದ. 325ರಲ್ಲಿ ನೈಸಿಯದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಸೇರಿಸಿದ ಬಿಷಪ್ಪರು ಯೇಸುವನ್ನು ದೇವರನ್ನಾಗಿ ಮಾಡಿದರು ಎಂಬ ಜನಪ್ರಿಯ ಮಾತಿಗೆ ಆಧಾರವಿಲ್ಲ. ಅದಕ್ಕೂ ಎರಡು ಶತಮಾನ ಮೊದಲು, 112ರ ಸುಮಾರಿಗೆ, ಬಿಥೂನ್ಯದ ರಾಜ್ಯಪಾಲ ಪ್ಲಿನಿ ತನ್ನ ಚಕ್ರವರ್ತಿಗೆ ಬರೆದ ಪತ್ರದಲ್ಲಿ ಕ್ರೈಸ್ತರು ನಸುಕಿನಲ್ಲಿ ಸೇರಿ ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಸ್ತುತಿಸುತ್ತಾರೆಂದು ವರದಿ ಮಾಡಿದ್ದ. ದೇವರು ಒಬ್ಬನೇ ಎಂಬುದಕ್ಕಾಗಿ ಪ್ರಾಣ ಕೊಡಲೂ ಸಿದ್ಧರಿದ್ದ ಯೆಹೂದ್ಯರು ಆ ಒಬ್ಬ ದೇವರನ್ನು ಬಿಡದೆಯೇ ಯೇಸುವನ್ನು ಆರಾಧಿಸಿದರು, ಅವನ ಆತ್ಮ ತಮ್ಮೊಳಗಿದೆಯೆಂದರು. ತಂದೆ, ಮಗ, ಪವಿತ್ರಾತ್ಮ, ಒಬ್ಬನೇ ದೇವರು ಎಂಬುದು ಆ ಅನುಭವಕ್ಕೆ ಮೋಸ ಮಾಡದೆ ಕೊಟ್ಟ ಉತ್ತರ. ಇದನ್ನು ಅವತಾರವೆಂದು ಕರೆಯುವುದು ನಮ್ಮಲ್ಲಿ ರೂಢಿ, ತಪ್ಪೆನ್ನಲಾರೆ. ಆದರೆ ಇವನು ಬಂದದ್ದು ಒಮ್ಮೆ, ದುಷ್ಟರನ್ನು ಸಂಹರಿಸದೆ ಅವರ ಕೈಯಲ್ಲೇ ಸತ್ತ, ಎದ್ದ ಮೇಲೂ ಕೈಯ ಗಾಯಗಳನ್ನು ಉಳಿಸಿಕೊಂಡು ಶಿಷ್ಯ ತೋಮನಿಗೆ ತೋರಿಸಿದ.

ಆ ಗಾಯಗಳಲ್ಲೇ ಪಾಪಕ್ಷಮೆಯ ನಂಬಿಕೆ ಇದೆ. ಮಾಡಿದ್ದನ್ನು ಉಣ್ಣಬೇಕು ಎಂಬ ಕರ್ಮದ ವಿಚಾರದಲ್ಲಿ ದೊಡ್ಡ ನ್ಯಾಯಪ್ರಜ್ಞೆಯಿದೆ. ಒಬ್ಬನ ಪಾಪಕ್ಕೆ ಇನ್ನೊಬ್ಬ ಸಾಯುವುದು ಆ ನ್ಯಾಯವನ್ನು ಕೆಡಿಸುವುದಿಲ್ಲವೇ ಎಂಬ ಪ್ರಶ್ನೆ ಸರಿಯಾದದ್ದೇ. ದೇವರು ಯಾರೋ ಮೂರನೆಯವನನ್ನು ಹಿಡಿದು ದಂಡಿಸಿದ್ದರೆ ಅದು ಅನ್ಯಾಯವೇ ಆಗುತ್ತಿತ್ತು. ನಾನು ನಂಬುವುದು ಅದನ್ನಲ್ಲ; ನೊಂದವನೇ ನೋವನ್ನು ಹೊತ್ತ ಎಂಬುದನ್ನು. ಸಾಲ ಮನ್ನಾ ಮಾಡಿದವನ ಕೈಯಿಂದ ಆ ಹಣ ಹೋಗಿಯೇ ಹೋಗುತ್ತದೆ. ಕ್ಷಮೆಯೂ ಹಾಗೆ, ಯಾರೋ ಒಬ್ಬರು ಅದರ ಬೆಲೆ ತೆರುತ್ತಾರೆ. ಶಿಲುಬೆಯಲ್ಲಿ ಅದನ್ನು ತೆತ್ತವನು ದೇವರೇ. ಇದು ಪಾಪ ಮಾಡಲು ಪರವಾನಗಿಯಾಗದೇ ಎಂದರೆ, ಆಗಬಹುದು, ಆಗಿದೆ ಕೂಡ. ಜರ್ಮನಿಯ ಪಾದ್ರಿ ಡೀಟ್ರಿಚ್ ಬಾನ್‌ಹೋಫರ್ 1937ರಲ್ಲಿ ಅಗ್ಗದ ಕೃಪೆಯ ವಿರುದ್ಧ ಪುಸ್ತಕವನ್ನೇ ಬರೆದರು. 1945ರ ಏಪ್ರಿಲ್‌ನಲ್ಲಿ ನಾಜಿಗಳು ಅವರನ್ನು ನೇಣಿಗೇರಿಸಿದರು. ಕೃಪೆ ಪುಕ್ಕಟೆ ನಿಜ, ಆದರೆ ಅದನ್ನು ಪಡೆದವನು ಮೊದಲಿನಂತೆ ಬದುಕಲಾರ.

ಅದನ್ನು ಪಡೆದೆವೆಂದವರು ಮಾಡಿದ ಅನ್ಯಾಯಗಳನ್ನು ಮುಚ್ಚಿಡುವುದು ಬೇಡ. 1560ರಿಂದ 1812ರವರೆಗೆ, ನಡುವೆ ಸ್ವಲ್ಪ ಕಾಲ ಬಿಟ್ಟು, ಗೋವೆಯಲ್ಲಿ ಇನ್‌ಕ್ವಿಸಿಷನ್ ನಡೆಯಿತು. ದಕ್ಷಿಣ ಭಾರತದ ಕೆಲವೆಡೆ ದಲಿತ ಕ್ರೈಸ್ತರಿಗೆ ಇಂದಿಗೂ ಬೇರೆ ಸ್ಮಶಾನ. ಇವನ್ನು ಬೇರೆ ಯಾವ ಅಳತೆಗೋಲೂ ಬೇಡದೆ ವಿಶ್ವಾಸ ಪ್ರಮಾಣವೇ ಖಂಡಿಸುತ್ತದೆ: ಒಂದೇ ರೊಟ್ಟಿಯನ್ನು ಮುರಿದು ತಿಂದವರು ಬೇರೆ ಬೇರೆ ಮಣ್ಣಿನಲ್ಲಿ ಹೂಣಿಡುವುದು ಕ್ರಿಸ್ತನ ನಿರಾಕರಣೆ. ಈ ಪಾಪ ಸಮಾಧಿ ಖಾಲಿಯಾಗಿತ್ತೇ ಎಂಬ ಪ್ರಶ್ನೆಯನ್ನು ಬಗೆಹರಿಸುವುದಿಲ್ಲ. ಆದರೆ ನಮ್ಮ ಸಾಕ್ಷಿಯನ್ನು ಜನ ನಂಬದಿರಲು ಕಾರಣ ನಾವೇ ಒದಗಿಸಿದ್ದೇವೆ.

ಕೊನೆಗೆ ದುಃಖದ ಪ್ರಶ್ನೆ. ಒಳ್ಳೆಯ ದೇವರ ಲೋಕದಲ್ಲಿ ಮಗು ನರಳುವುದೇಕೆ ಎಂಬುದಕ್ಕೆ ನನ್ನಲ್ಲಿ ವಿವರಣೆಯಿಲ್ಲ, ಸತ್ಯವೇದವೂ ಅದನ್ನು ಕೊಡುವುದಿಲ್ಲ, ನೊಂದು ಕೇಳಿದ ಯೋಬನಿಗೇ ಕೊಡಲಿಲ್ಲ. ಅದು ಕೊಡುವುದು ಎರಡು. ದೇವರು ನೋವನ್ನು ದೂರದಿಂದ ನೋಡುವವನಲ್ಲ, ಮೊಳೆ ಹೊಡೆಸಿಕೊಂಡವನು ಎಂಬುದು ಒಂದು. ಯೇಸುವಿಗೆ ಆದದ್ದು ಎಲ್ಲರಿಗೂ ಆಗಲಿರುವುದರ ಮೊದಲ ಫಲ ಎಂಬುದು ಇನ್ನೊಂದು. ಪ್ರಮಾಣ ಆತ್ಮದ ಅಮರತ್ವದ ಮಾತಾಡಿ ಮುಗಿಸುವುದಿಲ್ಲ, ಶರೀರದ ಪುನರುತ್ಥಾನ ಎನ್ನುತ್ತದೆ. ಬೆವರಿದ, ಹಸಿದ, ರೋಗ ಬಂದ ಈ ಮೈಯನ್ನೇ ದೇವರು ಬಿಟ್ಟುಕೊಡುವುದಿಲ್ಲ ಎಂದು ಅದರ ಅರ್ಥ. ಕುಷ್ಠರೋಗಿಯ ಹುಣ್ಣು ತೊಳೆಯುವುದು, ಹಸಿದವನಿಗೆ ಅನ್ನವಿಕ್ಕುವುದು, ಸ್ಮಶಾನದ ನಡುವಿನ ಗೋಡೆ ಒಡೆಯುವುದು ಕ್ರೈಸ್ತನಿಗೆ ಭಕ್ತಿಯ ಹೊರಗಿನ ಸಮಾಜಸೇವೆಯಲ್ಲ. ಆ ಮೈ ಏಳಲಿದೆ ಎಂದು ನಂಬಿದವನು ಈಗಲೇ ಮಾಡಬೇಕಾದ ಕೆಲಸ.