ದೋಷವನ್ನು ಎಲ್ಲಿಂದ ಹುಡುಕಬೇಕು?

ಏನಾದರೂ ಕೆಟ್ಟಾಗ ನಾವು ಮೊದಲು ಕೇಳುವುದು ‘ಯಾರು ಕೆಡಿಸಿದರು?’ ಎಂದು. ‘ಏನು ಕೆಟ್ಟಿದೆ?’ ಎಂಬ ಪ್ರಶ್ನೆ ಆಮೇಲೆ ಬರುತ್ತದೆ. ಎಷ್ಟೋ ಸಲ ಬರುವುದೇ ಇಲ್ಲ. ಈ ಕ್ರಮ ನ್ಯಾಯವೇ ಎಂಬ ಯೋಚನೆಗೆ ನನ್ನನ್ನು ಹಚ್ಚಿದ್ದು ಒಂದು ಹಳೆಯ ಪಿಕ್‌ಅಪ್ ಗಾಡಿ.

2003ರ ಮಳೆಗಾಲದ ಮಾತು. ಮುಂಬಯಿಯ ಅಂಗಡಿಗಳಿಗೆ ಸಾಮಾನು ಮುಟ್ಟಿಸಲು ನಾನಿಟ್ಟುಕೊಂಡಿದ್ದ ಗಾಡಿಯ ಕ್ಲಚ್ ಒಂದು ಬೆಳಿಗ್ಗೆ ಬಿಡಲೊಲ್ಲದೆ ಕುಳಿತಿತು. ಪೆಡಲನ್ನು ತಳ ಮುಟ್ಟುವ ತನಕ ಒತ್ತಿದರೂ ಗೇರು ಕರಕರ ಹಲ್ಲು ಕಡಿಯುತ್ತಿತ್ತು. ಹೇಗೋ ಬಿದ್ದರೆ, ಪೆಡಲ್ ಒತ್ತಿಹಿಡಿದಿದ್ದರೂ ಗಾಡಿ ಮುಂದಕ್ಕೆ ತೆವಳುತ್ತಿತ್ತು. “ಸದಾ ಪೆಡಲಿನ ಮೇಲೆ ಕಾಲಿಟ್ಟೇ ಓಡಿಸಿ ಕ್ಲಚ್ ಸುಟ್ಟುಬಿಟ್ಟೆ” ಎಂದು ಡ್ರೈವರನ ಮೇಲೆ ಹರಿಹಾಯ್ದೆ. ಎಂಟು ದಿನದ ಸಂಬಳವನ್ನೂ ಹಿಡಿದೆ. ಅವನು ಕೀಲಿಕೈ ಮೇಜಿನ ಮೇಲಿಟ್ಟು ಹೊರಟುಹೋದ.

ಕುರ್ಲಾದ ಮೇಸ್ತ್ರಿ ನನ್ನ ತೀರ್ಪು ಕೇಳಿ ನಕ್ಕ. ಕಾಲಿಟ್ಟು ಓಡಿಸಿದರೆ ಪ್ಲೇಟು ಸವೆದು ಕ್ಲಚ್ ಜಾರುತ್ತದೆ, ಹಿಡಿಯುವುದಿಲ್ಲ; ನಿಮ್ಮದು ಹಿಡಿದದ್ದನ್ನು ಬಿಡುತ್ತಿಲ್ಲವಲ್ಲ, ಎಂದ. ನಾನು ಹೊರಿಸಿದ್ದ ಅಪರಾಧ ನಡೆದ ದೋಷಕ್ಕೆ ತದ್ವಿರುದ್ಧವಾಗಿತ್ತು!

ಗೇರ್‌ಬಾಕ್ಸ್ ಇಳಿಸಿದ್ದರೆ ಅವನಿಗೆ ಎರಡು ದಿನದ ಕೂಲಿ. ಇಳಿಸಲಿಲ್ಲ. ನನ್ನನ್ನು ಪೆಡಲ್ ಒತ್ತಲು ಕೂರಿಸಿ, ತಾನು ಗಾಡಿಯಡಿ ಮಲಗಿ, ಕ್ಲಚ್ಚಿನ ಕವೆಯನ್ನು ತಳ್ಳುವ ಕಡ್ಡಿ ಎಷ್ಟು ಸರಿಯುತ್ತದೆಂದು ನೋಡಿದ. ಕಡ್ಡಿ ಪೂರ್ತಿ ಸರಿದೂ ಕ್ಲಚ್ ಬಿಡದಿದ್ದರೆ ದೋಷ ಒಳಗೆ: ತೇವಕ್ಕೆ ತುಕ್ಕು ಹಿಡಿದು ಪ್ಲೇಟು ಫ್ಲೈವೀಲಿಗೆ ಅಂಟಿರಬಹುದು, ಕವೆ ಮುರಿದಿರಬಹುದು. ಕಡ್ಡಿಯೇ ಸರಿಯದಿದ್ದರೆ ದೋಷ ಹೊರಗೆ. ನಮ್ಮದು ಸರಿಯಲೇ ಇಲ್ಲ. ಪೆಡಲಿನ ಒತ್ತಡವನ್ನು ಮುಟ್ಟಿಸುವುದು ಕೊಳವೆಯೊಳಗಿನ ಆಯಿಲ್. ಕೆಳಗಿನ ಸಿಲಿಂಡರಿನ ರಬ್ಬರು ಸವೆದು ಆಯಿಲ್ ಒಸರಿತ್ತು, ಮೇಲಿನ ಡಬ್ಬಿ ಬರಿದಾಗಿತ್ತು, ಕೊಳವೆಗೆ ಗಾಳಿ ಹೊಕ್ಕಿತ್ತು. ಆಯಿಲ್ ಒತ್ತಿದರೆ ಕುಗ್ಗದು, ಗಾಳಿ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಗಾಳಿಯನ್ನು ಹಿಸುಕುವುದರಲ್ಲೇ ಮುಗಿಯುತ್ತಿತ್ತು. ಅಲ್ಪ ಬೆಲೆಯ ರಬ್ಬರು ಬದಲಿಸಿ, ಆಯಿಲ್ ತುಂಬಿ, ಗಾಳಿ ಹೊರಡಿಸಿದ್ದೇ ತಡ, ಕ್ಲಚ್ ಬಿಟ್ಟಿತು.

ಆಗ ನೆನಪಾಯಿತು. “ಪೆಡಲ್ ಮೆತ್ತಗಾಗಿದೆ, ಎರಡು ಮೂರು ಸಲ ಒತ್ತಿದರೇ ಗೇರು ಬೀಳುತ್ತದೆ” ಎಂದು ಡ್ರೈವರ್ ಎರಡು ಬಾರಿ ಹೇಳಿದ್ದ. ನಾನು ಹೂಂಗುಟ್ಟಿ ಸುಮ್ಮನಾಗಿದ್ದೆ.

ತಿಳಿಯದೆ ಆದದ್ದೆಂದು ನನ್ನನ್ನು ನಾನೇ ಕ್ಷಮಿಸಿಕೊಳ್ಳಬಹುದೆ? ಕ್ಲಚ್ಚಿನ ವಿಷಯ ತಿಳಿಯದಿರುವುದು ತಪ್ಪಲ್ಲ. ತಿಳಿಯದೆ ತೀರ್ಪು ಕೊಟ್ಟದ್ದು ತಪ್ಪು. ಮೇಸ್ತ್ರಿ ಕಬ್ಬಿಣಕ್ಕೆ ತೋರಿದ ತಾಳ್ಮೆಯನ್ನು ನಾನು ಮನುಷ್ಯನಿಗೆ ತೋರಲಿಲ್ಲ. ಅವನ ಕ್ರಮ ಸರಳ: ಸುಲಭವಾಗಿ ಕಾಣುವುದನ್ನು ಮೊದಲು ನೋಡು, ಬಿಚ್ಚಿದರೆ ಮರಳಿ ಜೋಡಿಸಲು ಕಷ್ಟವಾದದ್ದನ್ನು ಕೊನೆಗೆ ಮುಟ್ಟು. ಮನುಷ್ಯನ ಮಾನಕ್ಕಿಂತ ಜೋಡಿಸಲು ಕಷ್ಟವಾದದ್ದು ಯಾವುದಿದೆ? ನಾನು ಅದಕ್ಕೇ ಮೊದಲು ಕೈ ಹಾಕಿದ್ದೆ. ನೋಡಲು ಅತಿ ಹತ್ತಿರವಿದ್ದವನು ನಾನೇ. ನನ್ನನ್ನು ಮಾತ್ರ ನೋಡಿಕೊಂಡಿರಲಿಲ್ಲ.

ಹಿಡಿದಿದ್ದ ಸಂಬಳವನ್ನು ಅವನ ಚಾಳಿಗೆ ಒಯ್ದು ಕೊಟ್ಟು ಕ್ಷಮೆ ಕೇಳಿದೆ. ಎಣಿಸಿ ತೆಗೆದುಕೊಂಡ, ಚಹಾ ಕೊಟ್ಟ. ಕೆಲಸಕ್ಕೆ ಮಾತ್ರ ಮರಳಿ ಬರಲಿಲ್ಲ.