ಧ್ರುವವಲ್ಲದ ಧ್ರುವ

'ಧ್ರುವ' ಎಂದರೆ ಅಲುಗಾಡದ್ದು. ಮದುವೆಯಲ್ಲಿ ಮದುಮಗಳಿಗೆ ಧ್ರುವನಕ್ಷತ್ರವನ್ನು ತೋರಿಸುವುದು ಈ ಅರ್ಥದ ಬಲದಿಂದಲೇ. (ಚಪ್ಪರದ ಕೆಳಗೆ ನಿಂತು, ಕಾಣದ ನಕ್ಷತ್ರವನ್ನು 'ಕಂಡಿತು' ಎನ್ನುವ ಹುಡುಗಿಯರೇ ಹೆಚ್ಚು, ಅದು ಬೇರೆ ಮಾತು.) ಭೂಮಿಯ ಅಕ್ಷದ ತುದಿಗಳಿಗೆ ಈ ಹೆಸರು ಒಪ್ಪುತ್ತದೆ. ಅವೂ ಕೆಲವು ಮೀಟರುಗಳಷ್ಟು ತೂಗಾಡುತ್ತವೆ, ಅಷ್ಟನ್ನು ಮನ್ನಿಸಬಹುದು. ಆದರೆ ದಿಕ್ಸೂಚಿಯ ಮುಳ್ಳು ಅರಸುವುದು ಆ ತುದಿಯನ್ನಲ್ಲ, ಕಾಂತಧ್ರುವವನ್ನು. ಅದು ಅಲೆಮಾರಿ. 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಅದನ್ನು ಕೆನಡಾದ ಉತ್ತರದಂಚಿನ ಬೂತಿಯಾ ಪರ್ಯಾಯದ್ವೀಪದಲ್ಲಿ ಗುರುತಿಸಿದ. ಎಪ್ಪತ್ತು ವರ್ಷಗಳ ಮೇಲೆ ಅಮುಂಡ್‌ಸೆನ್ ಅತ್ತ ಹೋದಾಗ ಅದು ಜಾಗ ಬದಲಿಸಿತ್ತು. ಈ ಶತಮಾನದ ಮೊದಲಲ್ಲಂತೂ ವರ್ಷಕ್ಕೆ 50 ಕಿಲೋಮೀಟರಿನಷ್ಟು ವೇಗದಲ್ಲಿ ಸೈಬೀರಿಯದ ಕಡೆಗೆ ಓಡಿತು. ನೆಲದಡಿ 2,900 ಕಿಲೋಮೀಟರು ಆಳದಲ್ಲಿ ಕರಗಿ ಹರಿಯುವ ಕಬ್ಬಿಣ ಅದನ್ನು ಹೀಗೆ ಅಲೆಸುತ್ತದೆ. ಹಡಗು ವಿಮಾನಗಳಿಗಾಗಿ ಐದು ವರ್ಷಕ್ಕೊಮ್ಮೆ ಲೆಕ್ಕ ತಿದ್ದುವ ವಿಜ್ಞಾನಿಗಳು 2019ರಲ್ಲಿ ಅವಧಿಗೆ ಮೊದಲೇ ತಿದ್ದಬೇಕಾಯಿತು.

ಅಂತಸ್ಸಾಕ್ಷಿ ಮನುಷ್ಯನ ದಿಕ್ಸೂಚಿ ಎಂದು ಭಾಷಣಕಾರರು ಹೇಳುವುದುಂಟು. ಹೋಲಿಕೆ ಅವರು ಎಣಿಸಿದ್ದಕ್ಕಿಂತಲೂ ಸರಿಯಾಗಿದೆ.

ಕಾಳಿದಾಸನ ದುಷ್ಯಂತ ಆಶ್ರಮಕನ್ಯೆಗೆ ಮನಸೋತು, ಸಂದೇಹ ಬಂದಲ್ಲಿ ಸಜ್ಜನರ ಮನಸ್ಸಿನ ಒಲವೇ ಪ್ರಮಾಣವೆಂದುಕೊಳ್ಳುತ್ತಾನೆ. ಅಂದು ಮುಳ್ಳು ಸರಿಯಾದ ಕಡೆಗೇ ತಿರುಗಿತ್ತು. ಅದೇ ಮನಸ್ಸು, ಗರ್ಭಿಣಿ ಶಕುಂತಲೆ ಆಸ್ಥಾನದಲ್ಲಿ ಬಂದು ನಿಂತಾಗ, ಪರಸ್ತ್ರೀಯೆಂದು ಹಿಂಜರಿಯಿತು. ಶಾಪದ ಮಾತು ಇರಲಿ; ಅಲ್ಲಿಯೂ ಅವನು ಕಪಟಿಯಲ್ಲ, ಪಾಪಕ್ಕೆ ಅಂಜಿದವನು. ಆ ಅಂಕವನ್ನು ಪಾಠ ಮಾಡುವಾಗಲೆಲ್ಲ ನನ್ನನ್ನು ಕಾಡುವುದು ಇದೇ.

ನಾಟಕವನ್ನು ಬಿಡೋಣ. ಹಿಂದೆ ಎಷ್ಟೋ ಮನೆಗಳಲ್ಲಿ ಎಳೆಯ ವಿಧವೆಯರ ತಲೆ ಬೋಳಿಸಿ ಅಡುಗೆಮನೆಯ ಕತ್ತಲೆಗೆ ತಳ್ಳಿದವರು ಎಲ್ಲರೂ ಕಟುಕರೆ? ಅಲ್ಲ. ಮಕ್ಕಳನ್ನು ಮುದ್ದಿಸಿದವರು, ಹಸಿದು ಬಂದವರಿಗೆ ಅನ್ನವಿಕ್ಕಿದವರು ಅವರಲ್ಲಿ ಬೇಕಾದಷ್ಟಿದ್ದರು. ಆ ಕೆಲಸ ಮಾಡಿ ರಾತ್ರಿ ನೆಮ್ಮದಿಯಾಗಿ ನಿದ್ರಿಸಿದರು. ಅವರಲ್ಲಿ ಮುಳ್ಳು ಇರಲಿಲ್ಲವೆಂದಲ್ಲ. ಇತ್ತು, ಅದು ಸ್ಥಿರವಾಗಿ ನಿಂತಿತ್ತು, ಆದರೆ ತಪ್ಪು ದಿಕ್ಕಿಗೆ. ಮ್ಯಾಥ್ಯೂ ಫ್ಲಿಂಡರ್ಸ್ ಎಂಬ ನಾವಿಕ ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಆಸ್ಟ್ರೇಲಿಯದ ಕರಾವಳಿಯ ನಕ್ಷೆ ತೆಗೆಯುವಾಗ, ಮುಳ್ಳನ್ನು ಎಳೆಯುತ್ತಿರುವುದು ತನ್ನ ಹಡಗಿನದೇ ಕಬ್ಬಿಣವೆಂದು ಕಂಡುಕೊಂಡ. ಮನೆತನ, ಜಾತಿ, ನಾಲ್ಕು ಜನರ ಮಾತು ಇವೆಲ್ಲ ನಮ್ಮ ಹಡಗಿನ ಕಬ್ಬಿಣ. ಹತ್ತಿರವಿರುವುದರಿಂದಲೇ ಅದರ ಎಳೆತ ನಮಗೆ ತಿಳಿಯುವುದಿಲ್ಲ.

ಹಾಗಾದರೆ ಮುಳ್ಳನ್ನು ಕಡಲಿಗೆ ಎಸೆಯಬೇಕೆ? ಎಸೆದವನಿಗೆ ಮೋಡ ಕವಿದ ರಾತ್ರಿಯಲ್ಲಿ ಗತಿಯೇನು? 'ಎಲ್ಲವೂ ಕಾಲಕ್ಕೆ ತಕ್ಕ ನೀತಿ' ಎಂದು ಕೈ ಝಾಡಿಸುವ ಜಾಣರನ್ನು ನಾನು ನಂಬಲಾರೆ. ನಾವಿಕ ಮುಳ್ಳನ್ನು ಇಟ್ಟುಕೊಳ್ಳುತ್ತಾನೆ. ಸೂರ್ಯನನ್ನೋ ನಕ್ಷತ್ರವನ್ನೋ ನೋಡಿ ಅದರ ತಪ್ಪು ಎಷ್ಟೆಂದು ಲೆಕ್ಕ ಹಾಕುತ್ತಾನೆ. ನಡತೆಯ ವಿಷಯದಲ್ಲಿ ಹಾಗೆ ಹೊರಗಿರುವುದು ಯಾವುದು? ಶಾಸ್ತ್ರವೆನ್ನೋಣವೆಂದರೆ, ತಲೆ ಬೋಳಿಸಿದವರ ಕೈಯಲ್ಲೂ ಶಾಸ್ತ್ರವಿತ್ತು. ಕಾನೂನೆನ್ನೋಣವೆಂದರೆ, ವಿಧವೆಯರ ಮರುವಿವಾಹಕ್ಕೆ 1856ರಲ್ಲೇ ಕಾನೂನು ಒಪ್ಪಿಗೆ ಕೊಟ್ಟಿತ್ತು. ಎಷ್ಟು ಮನೆಗಳ ಮುಳ್ಳು ತಿರುಗಿತು?

ನಮ್ಮ ತೀರ್ಮಾನದ ಪೆಟ್ಟು ಯಾರ ಮೇಲೆ ಬೀಳುತ್ತದೆಯೋ ಅವರ ಮಾತೇ ಆ ನಕ್ಷತ್ರವೆಂದು ನನಗೆ ತೋರುತ್ತದೆ. ಅವರ ಮುಳ್ಳಿನ ಬಳಿಯೂ ಕಬ್ಬಿಣವಿರಬಾರದೇಕೆ ಎಂದು ಭೂಗೋಳ ಕಲಿಸುವ ಮಿತ್ರರೊಬ್ಬರು ಆಕ್ಷೇಪಿಸಿದರು. ಇರಬಹುದು, ಆದರೆ ಅದು ನಮ್ಮ ಹಡಗಿನದಲ್ಲ. ಎರಡು ಮುಳ್ಳುಗಳನ್ನು ಎದುರುಬದುರು ಇಟ್ಟು ನೋಡಿದರೆ, ಒಂದಾದರೂ ತಪ್ಪಿದೆಯೆಂಬ ಗುಮಾನಿ ಹುಟ್ಟುತ್ತದೆ. ಆಸ್ಥಾನದಲ್ಲಿ ಉಂಗುರ ಕಾಣದಾದಾಗ ಶಕುಂತಲೆ, ತನ್ನ ಕೈಯಿಂದ ಮಾತ್ರವೇ ನೀರು ಕುಡಿದ ಜಿಂಕೆಮರಿಯ ನೆನಪು ಹೇಳುತ್ತಾಳೆ. ದೊರೆ ಅದನ್ನು ಹೆಂಗಸರ ಸಹಜ ಕಪಟವೆಂದು ತಳ್ಳಿಹಾಕುತ್ತಾನೆ.