ದೇಶವ್ರತವೂ ಕಡಲಾಚೆಯ ಕೈಗಳೂ

ಶ್ರಾವಕನು ಒಂದು ದಿನಕ್ಕೋ ಒಂದು ಪಕ್ಷಕ್ಕೋ ತನ್ನ ಸಂಚಾರಕ್ಕೆ ಗಡಿ ಹಾಕಿಕೊಳ್ಳುವುದೇ ದೇಶವ್ರತ. ಈ ಹಳ್ಳದಾಚೆ, ಆ ಕೆರೆಯ ಏರಿಯಾಚೆ ಹೋಗೆನೆಂದು ಸಂಕಲ್ಪಿಸಿದ ಮಾತ್ರಕ್ಕೆ ವ್ರತವು ಶುದ್ಧವಾಗುವುದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಇದಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಮೊದಲಿನೆರಡು ಆನಯನ ಮತ್ತು ಪ್ರೇಷ್ಯಪ್ರಯೋಗ: ತಾನು ಗಡಿಯೊಳಗೆ ಕುಳಿತು ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದು, ಆಳನ್ನು ಕಳುಹಿಸಿ ಹೊರಗಿನ ಕೆಲಸವನ್ನು ಮಾಡಿಸುವುದು. ಕಾಲು ಗಡಿ ದಾಟಲಿಲ್ಲ. ಆದರೂ ದೋಷ ತಪ್ಪಲಿಲ್ಲ.

ದೊಡ್ಡ ಕಂಪನಿಗಳ ವಾದವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲವು ಸಾವಿರಾರು ಜೀವಗಳನ್ನು ಕೊಂದಿತು. ಆ ಕಾರ್ಖಾನೆಯನ್ನು ನಡೆಸುತ್ತಿದ್ದ ಭಾರತೀಯ ಸಂಸ್ಥೆಯಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡಿನ ಪಾಲು ಶೇಕಡಾ 50.9. ಲಾಭಕ್ಕೆ ಒಡೆಯ, ಹೊಣೆಗೆ ಪರಕೀಯ! 1986ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವು ಮೊಕದ್ದಮೆಯನ್ನು ಭಾರತಕ್ಕೆ ಬಿಟ್ಟುಕೊಟ್ಟಿತು. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು.

ಭೋಪಾಲ ದೂರವಾಯಿತೆನ್ನುವವರಿಗೆ ಹತ್ತಿರದ ನಿದರ್ಶನವಿದೆ. ಬೈರಾಪಟ್ಟಣ, ಚನ್ನಪಟ್ಟಣ, ರಾಮನಗರಗಳ ಸೀಮೆಯವರಿಗೆ ಗಾರ್ಮೆಂಟ್ಸ್ ಕೆಲಸವೆಂದರೇನೆಂದು ವಿವರಿಸಬೇಕಾಗಿಲ್ಲ. ಕರ್ನಾಟಕದ ಈ ಕಾರ್ಖಾನೆಗಳಲ್ಲಿ ದುಡಿಯುವವರು ಬಹುಪಾಲು ಹೆಣ್ಣುಮಕ್ಕಳು. 2020ರ ಏಪ್ರಿಲಿನಿಂದ ಸಲ್ಲಬೇಕಾಗಿದ್ದ, ತಿಂಗಳಿಗೆ 417 ರೂಪಾಯಿಗಳ ತುಟ್ಟಿಭತ್ಯೆಯು 4 ಲಕ್ಷಕ್ಕೂ ಹೆಚ್ಚು ಮಂದಿಗೆ ಸಲ್ಲಲಿಲ್ಲ. ಅವರು ಹೊಲಿದ ಉಡುಪು ಮಾತ್ರ ಯೂರೋಪು, ಅಮೆರಿಕಗಳ ಅಂಗಡಿಗಳಿಗೆ ತಪ್ಪದೆ ಸಂದಿತು. ಕೂಲಿ ಕೊಡುವವನು ಕಾರ್ಖಾನೆಯವನು, ತರಿಸಿಕೊಂಡವನಿಗೇನು ಸಂಬಂಧ ಎಂಬುದು ಇಂತಹ ವ್ಯವಹಾರದ ಹಳೆಯ ಸಮಾಧಾನ. ಆನಯನಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಕ್ಕುವುದು ಕಷ್ಟ.

ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ಕೊಟ್ಟಿಗೆಯ ದನಕ್ಕೆ ಹೊತ್ತಿಗೆ ಮೇವು ತಪ್ಪಿಸುವುದೂ ದೋಷವೇ ಆಗಿರುವಾಗ, ದುಡಿದವಳ ಕೂಲಿಯನ್ನು ಹಿಡಿದಿಡುವುದನ್ನು ಏನೆಂದು ಕರೆಯಬೇಕು? 417 ರೂಪಾಯಿ ಪೇಟೆಯ ಶೆಟ್ಟರಿಗೆ ಅಲ್ಪವಾಗಿ ತೋರಬಹುದು. ತಿಂಗಳ ಕೊನೆಯಲ್ಲಿ ಅಕ್ಕಿಬೇಳೆಯ ಲೆಕ್ಕ ಹಾಕುವ ಮನೆಗೆ ಹಾಗಲ್ಲ. ಪರ್ವದಿನದಲ್ಲಿ ತಾನಾಗಿ ಆಹಾರವನ್ನು ತ್ಯಜಿಸಿ ಉಪವಾಸವಿರುವ ಶ್ರಾವಕನು ಜವಳಿ ವ್ಯಾಪಾರಿಯಾಗಿದ್ದರೆ, ಕಂಪನಿಯ ಷೇರುಗಳನ್ನು ಇಟ್ಟುಕೊಂಡವನಾಗಿದ್ದರೆ, ಈ ಪ್ರಶ್ನೆ ಅವನ ಗದ್ದುಗೆಯ ತನಕ ಬರುತ್ತದೆ. ಕೃತ, ಕಾರಿತ, ಅನುಮೋದನ ಎಂಬ ಮೂರರಲ್ಲಿ ಅವನು ಎಲ್ಲಿ ನಿಂತಿದ್ದಾನೆ?

ಲೌಕಿಕ ಶಾಸನವೂ ನಿಧಾನವಾಗಿ ಇತ್ತ ಹೊರಳಿದೆ. ಅತಿ ದೊಡ್ಡ ಕಂಪನಿಗಳು ತಮ್ಮ ಅಂಗಸಂಸ್ಥೆಗಳಲ್ಲಿಯೂ ಸರಕು ಪೂರೈಸುವವರಲ್ಲಿಯೂ ಮನುಷ್ಯರಿಗೆ ಆಗಬಹುದಾದ ಹಾನಿಯನ್ನು ಮುಂಚೆಯೇ ಗುರುತಿಸಿ ತಡೆಯಬೇಕೆಂದು ಫ್ರಾನ್ಸ್ 2017ರಲ್ಲಿ ಕಾನೂನು ಮಾಡಿತು. ಕರ್ನಾಟಕದ ಬಾಕಿಯ ವಿಷಯದಲ್ಲಿಯಾದರೋ ಕಾರ್ಮಿಕರ ಹಕ್ಕುಗಳ ಪರವಾದವರು ಹೊರದೇಶದ ಕೊಳ್ಳುವ ಕಂಪನಿಗಳನ್ನೇ ಹೆಸರಿಡಿದು ಕೇಳತೊಡಗಿದರು. ಆ ಬಳಿಕವೇ, ಸುಮಾರು ಎರಡು ವರ್ಷ ತಡವಾಗಿ, ಬಾಕಿಯ ಹಣ ಕಾರ್ಮಿಕರ ಕೈಸೇರತೊಡಗಿತು.